ಕಪ್ಪು ಮೂರರ ಆರತಿ

ಗುಜರಾತಿನಲ್ಲಿರುವ ಕನ್ನಡಿಗರ ಹತ್ತಿರ ಒಂದು ಪಟ್ಟಿ ಸದಾ ಸಿದ್ಧವಿರುತ್ತದೆ. ಊರಿನಿಂದ ನೆಂಟರು ಬಂದರೆ ಮೊದಲ ದಿನ ಸಾಬರಮತಿ ಆಶ್ರಮ, ಅಡಾಲಜ್ ಬಾವಿ. ಎರಡನೇ ದಿನ ಗಾಂಧಿನಗರದ ಅಕ್ಷರಧಾಮ, ಸಂಜೆ ಅಲ್ಲಿನ ನೀರು-ಬೆಳಕಿನ ಪ್ರದರ್ಶನ. ಮೂರನೇ ದಿನ ಕೇವಡಿಯಾದ ಪಟೇಲರ ಪ್ರತಿಮೆ, ರಾತ್ರಿ ಪ್ರತಿಮೆಯ ಮೈಮೇಲೆ ಲೇಸರ್ ಶೋ. ನಾಲ್ಕನೇ ದಿನ ಬಾಂಧನಿ ಸೀರೆ, ಖಾಖ್ರಾ, ರೈಲು. ಹನ್ನೊಂದು ವರ್ಷದಿಂದ ಅಹಮದಾಬಾದಿನಲ್ಲಿರುವ ನಾನು ಈ ಪಟ್ಟಿಯನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ.

ಕಳೆದ ದಸರಾ ರಜೆಗೆ ಬೆಂಗಳೂರಿನಿಂದ ಬಂದ ಅಕ್ಕನ ಮಗ ಇದರಲ್ಲಿ ಒಂದನ್ನೂ ಒಪ್ಪಲಿಲ್ಲ. ಎಂಟನೇ ಕ್ಲಾಸಿನ ಹುಡುಗ. ಬ್ಯಾಗು ಕೆಳಗಿಟ್ಟವನೇ, "ಚಿಕ್ಕಿ, ಇಲ್ಲಿ ಒಳ್ಳೆ ಢೋಲು ಹತ್ತಿರದಿಂದ ಕೇಳೋಕೆ ಎಲ್ಲಿ ಸಿಗುತ್ತೆ?" ಎಂದ. ನವರಾತ್ರಿಯಲ್ಲಿ ಅಹಮದಾಬಾದಿಗೆ ಬಂದು ಹೀಗೆ ಕೇಳುವುದೆಂದರೆ, ಮಲ್ಪೆಯ ಬಂದರಿನಲ್ಲಿ ನಿಂತು ಮೀನು ಎಲ್ಲಿ ಸಿಗುತ್ತದೆ ಎಂದು ಕೇಳಿದ ಹಾಗೆ. ಆದರೆ ಅವನಿಗೆ ಬೇಕಾದದ್ದು ಕುಣಿತವಲ್ಲ. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಎಷ್ಟು ಹೊತ್ತು ಎಂಬ ಲೆಕ್ಕ. ಆ ಲೆಕ್ಕ ಯಾಕೆ ಬೇಕಾಯಿತು ಎಂಬುದನ್ನು ಹೇಳದೆ ಮುಂದಿನ ಪ್ರಯಾಣ ನಿಮಗೆ ಅರ್ಥವಾಗದು.

ಅವನು ಮೈನ್‌ಕ್ರಾಫ್ಟ್ ಆಡುತ್ತಾನೆ. ಮನೆಯಲ್ಲಿ ಆ ವಯಸ್ಸಿನ ಮಕ್ಕಳಿದ್ದರೆ ನಿಮಗೂ ಗೊತ್ತಿರುತ್ತದೆ: ಎಲ್ಲವೂ ಚೌಕ ಚೌಕ ಇಟ್ಟಿಗೆಗಳಿಂದಾದ ಒಂದು ಲೋಕ. ಮರ, ಮಣ್ಣು, ಕಲ್ಲು ಅಗೆದು ತಂದು ಏನು ಬೇಕಾದರೂ ಕಟ್ಟಬಹುದು. 2011ರಿಂದಲೂ ಅದರಲ್ಲಿ ನೋಟ್ ಬ್ಲಾಕ್ ಎಂಬುದೊಂದು ಇದೆ. ಎಂಟು ಹಲಗೆ, ನಡುವೆ ಒಂದು ಚಿಟಿಕೆ ರೆಡ್‌ಸ್ಟೋನ್ ಪುಡಿ ಸೇರಿಸಿದರೆ ತಯಾರು. ಹೊಡೆದರೆ ಒಂದು ಸ್ವರ. ಒಂದು ಸಲ ಕ್ಲಿಕ್ ಮಾಡಿದರೆ ಸ್ವರ ಒಂದು ಮನೆ ಮೇಲೇರುತ್ತದೆ. 24 ಕ್ಲಿಕ್ ಆದಮೇಲೆ ಮತ್ತೆ ಕೆಳಗೆ. ಅಂದರೆ 25 ಸ್ವರ, ಸರಿಯಾಗಿ ಎರಡು ಸ್ಥಾಯಿ. ಅತ್ಯಂತ ಕೆಳಗಿನ ಸ್ವರ ಯಾವುದೆಂದು ಹಾರ್ಮೋನಿಯಂ ಒತ್ತಿ ನೋಡಿದೆ. ಕಪ್ಪು ಮೂರು! ಯಕ್ಷಗಾನದ ಚೌಕಿಯಲ್ಲಿ ಭಾಗವತರ ಶ್ರುತಿ ಕೇಳಿ ಬೆಳೆದವಳಿಗೆ, ಸ್ವೀಡನ್ನಿನವರು ಮಾಡಿದ ಆಟವೊಂದು ಕಪ್ಪು ಮೂರರಲ್ಲಿ ಷಡ್ಜ ಹಿಡಿದು ಕೂತದ್ದು ಕಂಡು ಖುಷಿಯೋ ಖುಷಿ.

ಬ್ಲಾಕಿನ ಕೆಳಗೆ ಏನಿದೆ ಎಂಬುದರ ಮೇಲೆ ವಾದ್ಯ ಬದಲಾಗುತ್ತದೆ. ಕೆಳಗೆ ಮರವಿದ್ದರೆ ಬಾಸ್, ಕಲ್ಲಿದ್ದರೆ ದೊಡ್ಡ ಡ್ರಮ್ಮು, ಮರಳಿದ್ದರೆ ಸಣ್ಣ ಡ್ರಮ್ಮು, ಚಿನ್ನವಿದ್ದರೆ ಗಂಟೆ, ಜೇಡಿಮಣ್ಣಿದ್ದರೆ ಕೊಳಲು. ಮೇಲೆ ಮಾತ್ರ ಏನೂ ಇರಬಾರದು. ಗಾಳಿ ಬೇಕು, ಇಲ್ಲದಿದ್ದರೆ ಬ್ಲಾಕು ಮೂಕ. ಒಂದು ಸ್ವರದಿಂದ ಇನ್ನೊಂದಕ್ಕೆ ಸಂಜ್ಞೆ ಸಾಗಿಸಲು ರಿಪೀಟರ್ ಎಂಬ ಸಣ್ಣ ಸಾಧನ ಇದೆ. ಅದನ್ನು ನಾಲ್ಕು ಹಂತಕ್ಕೆ ತಿರುಗಿಸಬಹುದು: ಸೆಕೆಂಡಿನ ಹತ್ತನೇ ಒಂದು ಭಾಗ, ಎರಡು, ಮೂರು, ನಾಲ್ಕು. ಸಂಜ್ಞೆ ತಲುಪಿದಾಗ ಬೆಳಗುವ ದೀಪವೂ ಉಂಟು. ಇಷ್ಟೇ ಸಾಮಾನು. ಇಷ್ಟರಲ್ಲೇ ಜಗತ್ತಿನ ಮಕ್ಕಳು ಸಿನಿಮಾ ಹಾಡಿನಿಂದ ಹಿಡಿದು ಬೀಥೋವನ್‌ವರೆಗೆ ಎಲ್ಲವನ್ನೂ ಕಟ್ಟಿ, ದೀಪದ ಗೋಡೆ ಕುಣಿಸಿ, ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ.

ನಮ್ಮ ಹುಡುಗ ಕಟ್ಟಲು ಹೊರಟದ್ದು ಅವನ ಅಮ್ಮಮ್ಮನ, ಅಂದರೆ ನನ್ನ ಅಮ್ಮನ, ಆರತಿ ಹಾಡನ್ನು. ಕೋಟದ ಹತ್ತಿರದ ನಮ್ಮ ಮನೆಯಲ್ಲಿ ನವರಾತ್ರಿಯ ಒಂಬತ್ತು ಸಂಜೆಯೂ ಅಮ್ಮ ಅದನ್ನು ಹಾಡುತ್ತಾರೆ. ಯಾವ ಪುಸ್ತಕದಲ್ಲೂ ನಾನದನ್ನು ಕಂಡಿಲ್ಲ. ರಾಗ ಯಾವುದೆಂದು ಅಮ್ಮನಿಗೆ ಬೇಕಾಗಿಲ್ಲ. ಸಂಗೀತ ಕಲಿತವರು ಕೇಳಿದರೆ ಮಧ್ಯಮಾವತಿ ಎಂದಾರು. ಐದೇ ಸ್ವರ. ಹುಡುಗನ ನೋಟ್‌ಬುಕ್ಕಿನಲ್ಲಿ ಅವು ಕ್ಲಿಕ್ಕಿನ ಲೆಕ್ಕದಲ್ಲಿ ಹೀಗಿದ್ದವು: ಸ ಸೊನ್ನೆ, ರಿ 2, ಮ 5, ಪ 7, ನಿ 10, ಮೇಲಿನ ಸ 12. ಅಮ್ಮನಿಗೆ ಈಗ 78. ಫೋನಿನಲ್ಲಿ ಮೊಮ್ಮಗನೊಂದಿಗೆ ಮಾತು ಎರಡು ನಿಮಿಷಕ್ಕೆ ಮುಗಿಯುತ್ತದೆ: ಊಟ ಆಯ್ತಾ, ಶಾಲೆ ಉಂಟಾ, ಅಮ್ಮನಿಗೆ ಕೊಡು. ಅವನ ಕನ್ನಡ ಅವರಿಗೆ ಅರ್ಧ ತಿಳಿಯುವುದಿಲ್ಲ, ಅವರ ಕುಂದಾಪುರ ಕನ್ನಡ ಅವನಿಗೆ ಮುಕ್ಕಾಲು ತಿಳಿಯುವುದಿಲ್ಲ. ಹಾಡು ಕಟ್ಟಲು ಶುರು ಮಾಡಿದ ಮೇಲೆ ಮಾತ್ರ "ಅಮ್ಮಮ್ಮ, ಎರಡನೇ ಲೈನು ಇನ್ನೊಂದ್ಸಲ, ಮೆಲ್ಲಗೆ" ಎಂದು ಅರ್ಧರ್ಧ ಗಂಟೆ ಫೋನು. ಅಕ್ಕನಿಗೆ ಇದು ಹೇಗೋ ಗೊತ್ತಿಲ್ಲ. ಅವಳಿಗೆ ಎಲ್ಲ ಆಟವೂ ಒಂದೇ. ಗುಜರಾತಿನಲ್ಲೂ ಹಾಗೆ ತಿಳಿದವರಿದ್ದಾರೆ. 2019ರ ಮಾರ್ಚಿನಲ್ಲಿ ರಾಜಕೋಟೆ, ಸೂರತ್ ಮೊದಲಾದೆಡೆ ಪೊಲೀಸರು ಪಬ್‌ಜಿಯನ್ನೇ ನಿಷೇಧಿಸಿದ್ದರು; ರಾಜಕೋಟೆಯಲ್ಲಿ ಆಡುತ್ತಿದ್ದ ಹುಡುಗರನ್ನು ಹಿಡಿದದ್ದೂ ಪೇಪರಿನಲ್ಲಿ ಬಂದಿತ್ತು. ಗುಂಡು ಹಾರಿಸುವ ಆಟಕ್ಕೂ ಇಟ್ಟಿಗೆ ಜೋಡಿಸುವ ಆಟಕ್ಕೂ ವ್ಯತ್ಯಾಸ ಇದೆ ಎಂದು ದೊಡ್ಡವರಿಗೆ ತಿಳಿಸುವುದು ಕಷ್ಟ.

ಮೊದಲು ಕಟ್ಟಿದ್ದನ್ನು ಫೋನಿನಲ್ಲಿ ಕೇಳಿಸಿದಾಗ ಅಮ್ಮ ಹೇಳಿದ್ದು: "ಹಾಡು ಅದೇ ಮಗಾ. ಆದ್ರೆ ಎಂತಕ್ಕೆ ಇಷ್ಟು ಅರ್ಜೆಂಟು? ಬಸ್ಸಿಗೆ ಹೊತ್ತಾಯ್ತಾ?"

ಅರ್ಜೆಂಟಿನ ಕಾರಣ ರಿಪೀಟರು. ಹಾಡು ತಿಶ್ರ ನಡೆಯದ್ದು. ಒಂದು ಏಟಿನಲ್ಲಿ ಮೂರು ಭಾಗ. ಪ್ರತಿ ಭಾಗಕ್ಕೆ ಎರಡು ಹಂತ ಕೊಟ್ಟರೆ ಒಂದು ಏಟು 0.6 ಸೆಕೆಂಡು, ನಿಮಿಷಕ್ಕೆ 100 ಏಟು. ಮೂರು ಹಂತ ಕೊಟ್ಟರೆ 0.9 ಸೆಕೆಂಡು, ನಿಮಿಷಕ್ಕೆ 67. ಅದನ್ನು ಕೇಳಿ ಅಮ್ಮ "ಈಗ ನಿದ್ರೆ ಬರ್ತದೆ" ಎಂದರು. ಅಮ್ಮನ ನಡೆ ಇವೆರಡರ ನಡುವೆ ಎಲ್ಲೋ ಇದೆ, ಅಲ್ಲಿಗೆ ಹೋಗಲು ಆಟದಲ್ಲಿ ಮೆಟ್ಟಿಲಿಲ್ಲ. ಇಡೀ ಆಟದ ವೇಗವನ್ನೇ ತಗ್ಗಿಸುವ ಆಜ್ಞೆಯೊಂದು ಈಚೆಗೆ ಬಂದಿದೆಯಂತೆ. "ಅದು ಚೀಟಿಂಗ್" ಎಂದ ಹುಡುಗ. ಇದೇ ಕೊರಗಿನಲ್ಲಿ ಅವನು ಅಹಮದಾಬಾದಿನಲ್ಲಿ ಇಳಿದದ್ದು.

ಹಾಗಾಗಿ ಸಿದ್ಧ ಪಟ್ಟಿ ಬದಿಗಿಟ್ಟು, ನಾನು ಅವನನ್ನು ಪಾಲ್ಡಿಗೆ ಕರೆದುಕೊಂಡು ಹೋದೆ. ಸಾಬರಮತಿಯ ದಂಡೆಯಲ್ಲಿರುವ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐಡಿ, 1961ರಲ್ಲಿ ಶುರುವಾದದ್ದು. ಒಳಗೆ ಸುಮ್ಮನೆ ನುಗ್ಗಿ ಸುತ್ತುವ ಜಾಗವಲ್ಲ. ಗೇಟಿನಾಚೆಯ ಇಟ್ಟಿಗೆ ಗೋಡೆ, ಮರಗಳ ನೆರಳು ನೋಡಿ, ಎದುರಿನ ರಸ್ತೆಯಲ್ಲಿ ಚಹಾ ಕುಡಿಯುತ್ತಾ ಕಥೆ ಹೇಳಿದೆ. 1969ರಲ್ಲಿ ಇಲ್ಲಿ ಭಾರತದ ಮೊದಲ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಇತ್ತು. ಅಮೆರಿಕದಿಂದ ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರರು ಬಂದು ಮೂಗ್ ಸಿಂಥಸೈಜರ್ ಸ್ಥಾಪಿಸಿ ಕೊಟ್ಟರು. ಇಂದಿನ ಕೀಬೋರ್ಡಿನ ಹಾಗೆ ಒಂದು ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ಕೊಳಲು ಕೊಡುವ ಯಂತ್ರ ಅದಲ್ಲ. ದನಿ ಹುಟ್ಟಿಸುವ ಪೆಟ್ಟಿಗೆ ಒಂದು, ಸೋಸುವ ಪೆಟ್ಟಿಗೆ ಇನ್ನೊಂದು, ಏರಿಳಿಸುವ ಪೆಟ್ಟಿಗೆ ಮತ್ತೊಂದು. ಯಾವುದರಿಂದ ಯಾವುದಕ್ಕೆ ತಂತಿ ಎಳೆಯಬೇಕೆಂದು ನೀವೇ ನಿರ್ಧರಿಸಬೇಕು. ತಂತಿಯಲ್ಲಿ ಹರಿಯುವುದು ದನಿಯಷ್ಟೇ ಅಲ್ಲ, ಇನ್ನೊಂದು ಪೆಟ್ಟಿಗೆ ಏನು ಮಾಡಬೇಕೆಂದು ಹೇಳುವ ವೋಲ್ಟೇಜು ಕೂಡ.

"ರೆಡ್‌ಸ್ಟೋನ್!" ಎಂದ ಹುಡುಗ, ಚಹಾ ಚೆಲ್ಲಿಕೊಂಡು.

ಆ ಯಂತ್ರ ಇಲ್ಲಿಗೆ ಬಂದದ್ದರ ಹಿಂದೆ ಸಾರಾಭಾಯಿ ಮನೆತನವಿದೆ. ಸಂಸ್ಥೆಯನ್ನು ಕಟ್ಟಿದ ಗೌತಮ್ ಮತ್ತು ಗಿರಾ, ಬಾಹ್ಯಾಕಾಶದ ವಿಕ್ರಂ, ಇವರ ಸಹೋದರಿಯರಲ್ಲಿ ಒಬ್ಬರು ಗೀತಾ ಸಾರಾಭಾಯಿ. ಪಖವಾಜ್ ನುಡಿಸುತ್ತಿದ್ದವರು. 1946ರಲ್ಲಿ ನ್ಯೂಯಾರ್ಕಿಗೆ ಹೋಗಿ, ಜಾನ್ ಕೇಜ್ ಅವರಿಂದ ಪಾಶ್ಚಾತ್ಯ ಸಂಗೀತ ಕಲಿತು, ಬದಲಿಗೆ ನಮ್ಮ ಸಂಗೀತವನ್ನು ಅವರಿಗೆ ಹೇಳಿಕೊಟ್ಟರು. ಟ್ಯೂಡರ್ ಅದೇ ಕೇಜ್ ಬಳಗದವರು. ಮೂಗ್‌ನ ತಂತಿ ಎಳೆದವರಲ್ಲಿ ಗೀತಾ ಅವರಲ್ಲದೆ ಅತುಲ್ ದೇಸಾಯಿ, ಐ.ಎಸ್. ಮಾಥುರ್, ಎಸ್.ಸಿ. ಶರ್ಮಾ ಇದ್ದರು, ಜಿನರಾಜ್ ಜೋಶಿಪುರ ಎಂಬ ತರುಣ 'ಸ್ಪೇಸ್ ಲೈನರ್ 2001' ಎಂದು ಬಾಹ್ಯಾಕಾಶ ಯಾನವನ್ನೇ ದನಿಯಲ್ಲಿ ಕಟ್ಟಿದರು. ಕೆಲವೇ ವರ್ಷದಲ್ಲಿ ಸ್ಟುಡಿಯೋ ನಿಂತುಹೋಯಿತು. ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ಹಾಗೇ ಕುಳಿತಿದ್ದವು. ಬ್ರಿಟನ್ನಿನ ಸಂಗೀತಗಾರ ಪಾಲ್ ಪುರ್ಗಾಸ್ ಅವುಗಳ ಬೆನ್ನು ಹತ್ತಿ, 2020ರಲ್ಲಿ ಬಿಬಿಸಿಗೆ ರೇಡಿಯೋ ಕಾರ್ಯಕ್ರಮ ಮಾಡಿದರು. 2023ರಲ್ಲಿ 'ದಿ ಎನ್‌ಐಡಿ ಟೇಪ್ಸ್' ಎಂಬ ಆಲ್ಬಂ ಹೊರಬಂತು.

ಆ ರಾತ್ರಿ ಮನೆಯಲ್ಲಿ ಅದನ್ನು ಹಾಕಿ ಕೇಳಿದೆವು. ನನ್ನ ಯಜಮಾನರು ಹತ್ತು ನಿಮಿಷಕ್ಕೆ ಎದ್ದು ಹೋದರು. ನಿಜ ಹೇಳಬೇಕೆಂದರೆ ಎಲ್ಲವೂ ಹಿತವಾಗಿಲ್ಲ. ಕೆಲವು ಕಡೆ ರೇಡಿಯೋ ಸ್ಟೇಷನ್ ಹುಡುಕುತ್ತಿರುವ ಹಾಗಿದೆ. ಆದರೆ ಹುಡುಗ ಪೂರ್ತಿ ಕೇಳಿದ. ಯಾರೂ ಮೊದಲು ಮಾಡದ್ದನ್ನು ಮಾಡುವವರಿಗೆ ಇರುವ ತಡವರಿಕೆ ಅವನಿಗೆ ಪರಿಚಿತ ಇರಬೇಕು. "ಇವರಿಗೂ ಮೊದಲು ಬರೀ ಸೌಂಡ್ ಬಂದಿದೆ ಚಿಕ್ಕಿ, ಆಮೇಲೆ ಹಾಡು" ಎಂದ.

ಮರುದಿನ ಕಾಲುಪುರ ಸ್ಟೇಷನ್ನಿನಿಂದ ವಡೋದರೆಗೆ ಹೊರಟೆವು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಝೂಲ್ತಾ ಮಿನಾರ್ ಸಿಗುತ್ತದೆ. ಒಂದು ಮಿನಾರನ್ನು ಅಲುಗಿಸಿದರೆ ಸ್ವಲ್ಪ ಹೊತ್ತಿಗೆ ಇನ್ನೊಂದೂ ಅಲುಗುತ್ತದೆ, ನಡುವಿನ ಸೇತುವೆ ಮಾತ್ರ ಅಲುಗುವುದಿಲ್ಲ ಎಂದು ಪ್ರಸಿದ್ಧಿ. ಈಗ ಹತ್ತಿ ಅಲುಗಿಸಲು ಬಿಡುವುದಿಲ್ಲ. ಆಟೋದಲ್ಲಿ ಕೂತೇ ಹುಡುಗ ತಲೆಯೆತ್ತಿ ನೋಡಿ "ರಿಪೀಟರ್ ಕಲ್ಲಲ್ಲಿದೆ" ಎಂದ. ನೂರು ಕಿಲೋಮೀಟರು, ವಸದ್ ಹತ್ತಿರ ಮಹೀ ನದಿ ದಾಟಿದರೆ ಆಯಿತು, ವಡೋದರ.

ಬರೋಡಾ ಎಂದರೆ ನಮ್ಮವರಿಗೆ ಉಡುಪಿ ಹೋಟೆಲು, ತುಳು ಸಂಘ ನೆನಪಾಗುತ್ತದೆ. ನನಗೆ ನೆನಪಾಗುವುದು ಸುರ್‌ಸಾಗರ್ ಕೆರೆಯ ದಂಡೆಯ ಹಳೆಯ ಸಂಗೀತ ಶಾಲೆ. ಕೆರೆಯ ಮಧ್ಯೆ ಚಿನ್ನದ ಹೊದಿಕೆಯ ದೊಡ್ಡ ಶಿವ ನಿಂತಿದ್ದಾನೆ. ಬಂದವರೆಲ್ಲ ಆ ಕಡೆಗೆ ಫೋನು ಹಿಡಿಯುತ್ತಾರೆ, ಸಂಗೀತ ಶಾಲೆಗೆ ಬೆನ್ನು ತಿರುಗಿಸಿ. 1886ರಲ್ಲಿ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಇದನ್ನು ಆರಂಭಿಸಿದವರು ಮೌಲಾಬಕ್ಷ್. ಇಂದು ಅದು ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಭಾಗ. ಮೌಲಾಬಕ್ಷರಿಗೂ ಕನ್ನಡನಾಡಿಗೂ ನಂಟಿದೆ. ಯೌವನದಲ್ಲಿ ದಕ್ಷಿಣಕ್ಕೆ ಬಂದು, ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಗೌರವ ಪಡೆದು, ದಕ್ಷಿಣದ ಸಂಗೀತವನ್ನೂ ಅಭ್ಯಾಸ ಮಾಡಿದವರು. ಅವರ ಹೆಂಡತಿ ಟಿಪ್ಪುವಿನ ವಂಶದವರು ಎಂದು ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಸೂಫಿ ಗುರುವಾಗಿ ಹೆಸರಾದ ವೀಣೆಗಾರ ಇನಾಯತ್ ಖಾನ್ ಅವರ ಮೊಮ್ಮಗ.

ಮೌಲಾಬಕ್ಷ್ ಮಾಡಿದ ದೊಡ್ಡ ಕೆಲಸ, ಹಾಡನ್ನು ಕಾಗದದ ಮೇಲೆ ಬರೆಯುವ ಸ್ವರಲಿಪಿ ರೂಪಿಸಿ, ಪಾಠಪುಸ್ತಕ ಅಚ್ಚು ಹಾಕಿಸಿದ್ದು. ಗುರುವಿನ ಎದುರು ವರ್ಷಗಟ್ಟಲೆ ಕೂತು ಬಾಯಿಂದ ಬಾಯಿಗೆ ಪಡೆಯಬೇಕಾದದ್ದನ್ನು ಶಾಲೆಯ ಬೆಂಚಿನ ಮೇಲೆ ಕೂತು ಕಲಿಯುವಂತೆ ಮಾಡಿದ್ದು. ಸ್ವರವನ್ನು ಚೌಕದಲ್ಲಿ ಕೂರಿಸುವ ಕೆಲಸ ಅಲ್ಲವೇ ಇದು? ಅದರ ಜಗಳವೂ ಇದೇ ಊರಿನಲ್ಲಿ ನಡೆಯಿತು. 1916ರಲ್ಲಿ ಭಾತಖಂಡೆಯವರ ಮುಂದಾಳತ್ವದಲ್ಲಿ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತು ಸೇರಿದ್ದು ಬರೋಡಾದಲ್ಲಿ. ಸಾಂಗ್ಲಿಯ ದೇವಲ್, ಇಂಗ್ಲಿಷ್ ಅಧಿಕಾರಿ ಕ್ಲೆಮೆಂಟ್ಸ್ ಇಬ್ಬರೂ 22 ಶ್ರುತಿಗಳನ್ನು ಅಳೆದು ಮಾಡಿಸಿದ್ದ ಶ್ರುತಿ ಹಾರ್ಮೋನಿಯಂ ಅಲ್ಲಿ ಚರ್ಚೆಗೆ ಬಂತು. ಹನ್ನೆರಡು ಮನೆ ಸಾಲದಿದ್ದರೆ ಇಪ್ಪತ್ತೆರಡು ಮಾಡೋಣ ಎಂಬುದು ಅವರ ವಾದ. ಎಷ್ಟು ಮನೆ ಮಾಡಿದರೂ ಸ್ವರ ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವ ದಾರಿ ಸಿಗುವುದಿಲ್ಲ ಎಂಬುದು ಹಾಡುವವರ ಹಳೆಯ ತಕರಾರು. ಆಕಾಶವಾಣಿಯಂತೂ 1940ರಿಂದ ಮೂರು ದಶಕ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತು. ದೇವಲ್ ಅವರ ಅಳತೆಗಳಿಗೆ ನೆರವಾದ ಅಬ್ದುಲ್ ಕರೀಮ್ ಖಾನರೂ ಒಂದು ಕಾಲಕ್ಕೆ ಇದೇ ಬರೋಡಾ ದರ್ಬಾರಿನ ಗಾಯಕರು. ಇಲ್ಲಿಂದ ಹೋಗಿ ಮಿರಜಿನಲ್ಲಿ ನೆಲೆಸಿದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರಾದರು. ಅಲ್ಲಿಂದ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ನಮ್ಮ ಹುಬ್ಬಳ್ಳಿ-ಧಾರವಾಡದ ಸಂಗೀತದ ಒಂದು ಎಳೆ ಹೀಗೆ ಸುರ್‌ಸಾಗರದ ದಂಡೆಯಿಂದ ಹೊರಟದ್ದು.

ಅಮ್ಮನ ಹಾಡಿನಲ್ಲೂ ಅದೇ ತಕರಾರು ಇತ್ತು. ನಿಷಾದದಲ್ಲಿ ಅಮ್ಮ ನಿಲ್ಲುವುದಿಲ್ಲ, ಸ್ವಲ್ಪ ತೂಗುತ್ತಾರೆ. ನೋಟ್ ಬ್ಲಾಕಿಗೆ ತೂಗಲು ಬರುವುದಿಲ್ಲ. ಹುಡುಗ 10 ಮತ್ತು 11ನೇ ಕ್ಲಿಕ್ಕಿನ ಎರಡು ಬ್ಲಾಕು ಪಕ್ಕ ಪಕ್ಕ ಇಟ್ಟು ಬೇಗ ಬೇಗ ಹೊಡೆಸಿ ನೋಡಿದ್ದ. ಯಾರೋ ಕಾಲಿಂಗ್ ಬೆಲ್ ಒತ್ತಿದ ಹಾಗಾಯಿತು. ಕೆರೆಯ ಕಟ್ಟೆಯ ಮೇಲೆ ಕೂತು ಸೇವ್-ಉಸಳ್ ತಿನ್ನುತ್ತಾ ಇಬ್ಬರೂ ಸೇರಿ ಒಂದು ತೀರ್ಮಾನಕ್ಕೆ ಬಂದೆವು: ತೂಗಿಸುವ ಆಸೆ ಬಿಡುವುದು, ಪಿಯಾನೋ ಬದಲು ಕೊಳಲಿನ ದನಿ ಹಾಕುವುದು. ಅಂದರೆ ಎಲ್ಲ ಬ್ಲಾಕಿನ ಕೆಳಗೂ ಜೇಡಿಮಣ್ಣು. ಪಿಯಾನೋದ ಸ್ವರ ಬಡಿದ ಕೂಡಲೇ ಸಾಯುತ್ತದೆ, ಕೊಳಲಿನದು ಮೆತ್ತಗೆ. ಪಕ್ಕದ ಸ್ವರಕ್ಕೆ ಒಂಚೂರು ಒರಗುತ್ತದೆ. ಗಮಕವಲ್ಲ, ಗಮಕದ ಜಾಗದಲ್ಲಿ ಇಟ್ಟ ಒಂದು ದಿಂಬು.

ರಾತ್ರಿ ಗರ್ಬಾ. 2023ರ ಡಿಸೆಂಬರಿನಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಗರ್ಬಾ ಬಗ್ಗೆ ಇಲ್ಲಿನವರ ಹೆಮ್ಮೆ ಇನ್ನೊಂದು ಮಹಡಿ ಏರಿದೆ. ವಡೋದರದ ದೊಡ್ಡ ಮೈದಾನಗಳಲ್ಲಿ ಸಾವಿರಗಟ್ಟಲೆ ಜನ ವೃತ್ತದೊಳಗೆ ವೃತ್ತವಾಗಿ ತಿರುಗುವುದು ನೋಡಲೇಬೇಕಾದ ದೃಶ್ಯ, ಸುಳ್ಳಲ್ಲ. ಆದರೆ ಅಲ್ಲಿ ಢೋಲು ಸ್ಪೀಕರಿನೊಳಗಿಂದ ಬರುತ್ತದೆ. ಹಾಗಾಗಿ ಹಳೆ ಊರಿನ ಮಾಂಡ್ವಿ ಕಡೆ ಹೋಗಿ ಒಂದು ಶೇರಿ ಗರ್ಬಾ ಹುಡುಕಿದೆವು. ಓಣಿಯ ನಡುವೆ ಒಂದು ಸ್ಟೂಲು, ಅದರ ಮೇಲೆ ಗರ್ಬೋ: ಮೈತುಂಬ ತೂತು ಮಾಡಿದ ಮಣ್ಣಿನ ಮಡಕೆ, ಒಳಗೆ ದೀಪ. ಸುತ್ತ ಮೂವತ್ತು ನಲವತ್ತು ಹೆಂಗಸರು, ಹಿಂದೆ ಮಕ್ಕಳು. ಪಕ್ಕದಲ್ಲಿ ಒಬ್ಬ ಢೋಲಿ, ವಯಸ್ಸಾದವರು, ಕಣ್ಣು ಅರ್ಧ ಮುಚ್ಚಿಕೊಂಡು ಹೀಂಚ್ ನುಡಿಸುತ್ತಿದ್ದರು. ಮೂರು-ಮೂರರ ನಡೆ. ನಮ್ಮ ಹುಡುಗ ಕುಣಿಯಲಿಲ್ಲ. ಅವರ ಮೊಣಕಾಲಿನ ಹತ್ತಿರ ಕೂತು ಫೋನಿನಲ್ಲಿ ದನಿ ತುಂಬಿಕೊಂಡ. ಢೋಲಿ ಒಮ್ಮೆ ಕಣ್ಣು ತೆರೆದು ನೋಡಿ, ನಕ್ಕು, ಅವನಿಗಾಗಿಯೇ ಒಂದೆರಡು ಸುತ್ತು ಬಿಡಿಬಿಡಿಯಾಗಿ ಬಾರಿಸಿದರು.

ಹೋಟೆಲಿಗೆ ಬಂದು ರಾತ್ರಿ ಒಂದು ಗಂಟೆಗೆ ಅದನ್ನು ನಿಧಾನ ಮಾಡಿ ಕೇಳಿದಾಗ ಗೊತ್ತಾದ ಸಂಗತಿ: ಮೂರು ಭಾಗ ಸಮ ಇಲ್ಲ. ನನ್ನ ಕಿವಿಗೆ ಕೇಳಿಸಿದಂತೆ ಮೊದಲನೆಯದು ಉದ್ದ, ಉಳಿದೆರಡು ಅದರ ಬೆನ್ನಿಗೆ ಓಡಿ ಬರುತ್ತವೆ. ಅದಕ್ಕೇ ಕುಣಿಯುವವರ ಹೆಜ್ಜೆ ಮೊದಲ ಏಟಿಗೆ ಒಂದಿಷ್ಟು ತಂಗುತ್ತದೆ, ಆಮೇಲೆ ತಿರುಗುತ್ತದೆ. ಹುಡುಗ ದಿಗ್ಗನೆ ಎದ್ದು ಕೂತ. ಎರಡು-ಎರಡು-ಎರಡು ಅರ್ಜೆಂಟು, ಮೂರು-ಮೂರು-ಮೂರು ನಿದ್ದೆ. ಮೂರು-ಎರಡು-ಎರಡು ಇಟ್ಟರೆ? ಏಳು ಹಂತ, ಒಂದು ಏಟಿಗೆ 0.7 ಸೆಕೆಂಡು, ನಿಮಿಷಕ್ಕೆ ಸುಮಾರು 86. ಕಾಗದದ ಮೇಲೆ ಇದು ತಿಶ್ರವೇ ಅಲ್ಲ, ಮಿಶ್ರ. ತಾಳ ಕಲಿತವರು ಕೈಯಲ್ಲಿ ಏಳು ಎಣಿಸಿಯಾರು. ಆದರೆ ಈ ವೇಗದಲ್ಲಿ ಕಿವಿ ಏಳು ಎಣಿಸುವುದಿಲ್ಲ, ತಂಗುವ ಮೂರು ಕೇಳುತ್ತದೆ. ಮೆಟ್ಟಿಲು ಇಲ್ಲದ ಕಡೆ ಢೋಲಿ ಒಂದು ಕಲ್ಲು ಇಟ್ಟುಕೊಟ್ಟಿದ್ದರು.

ವೇಗ ಸಿಕ್ಕಿತು. ದೀಪದ ಕೆಲಸ ಬಾಕಿ ಇತ್ತು, ಸೂರತ್ ಪ್ರಯಾಣವೂ. ಸೂರತ್ತಿಗೆ ನಾವು ಹೊರಟದ್ದು ಬೇರೆ ಕಾರಣಕ್ಕೆ: ಊರಿನ ಕಡೆಯ ಒಬ್ಬ ಹಿರಿಯರು ಉಧ್ನಾ ಕಡೆ ಕ್ಯಾಂಟೀನು ನಡೆಸುತ್ತಾರೆ, ಅವರನ್ನು ನೋಡಿ ಬರಬೇಕಿತ್ತು. ಭರೂಚಿನಲ್ಲಿ ನರ್ಮದೆ, ಸೂರತ್ ಸ್ಟೇಷನ್ನಿಗೆ ಸ್ವಲ್ಪ ಮೊದಲು ತಾಪಿ. ರೈಲಿನಲ್ಲಿ ಇಡೀ ಹೊತ್ತು ಹುಡುಗ ಕಟ್ಟಡದ ನಕ್ಷೆ ಬರೆಯುತ್ತಿದ್ದ. ಆರತಿಯ ಒಂದು ನುಡಿಗೆ 16 ಏಟು, ಒಂದೊಂದರಲ್ಲಿ ಮೂರು ಭಾಗ, ಒಟ್ಟು 48. ಪ್ರತಿ ಭಾಗಕ್ಕೆ ಒಂದು ರಿಪೀಟರು, ಒಂದು ಬ್ಲಾಕು. ಒಟ್ಟು 96 ಚೌಕ ಉದ್ದ. ನೋಟ್ ಬ್ಲಾಕಿನ ದನಿ 48 ಚೌಕದ ಆಚೆಗೆ ಕೇಳುವುದಿಲ್ಲ. ನೇರವಾಗಿ ಹಾಸಿದರೆ ಹಾಡಿನ ಪಕ್ಕದಲ್ಲೇ ನಡೆಯುತ್ತಾ ಹೋಗಬೇಕು. ಅದರ ಬದಲು ಸುತ್ತಿಸಿ ತಂದರೆ, ಒಂದೊಂದು ಮಗ್ಗುಲು 24, ತುದಿ ಮೊದಲಿಗೆ ಸೇರುತ್ತದೆ. ನುಡಿ ಮುಗಿದಲ್ಲಿಂದ ಮತ್ತೆ ಶುರು. ನಡುವೆ ನಿಂತರೆ ಎಲ್ಲ ಕಡೆಯದ್ದೂ ಕೇಳುತ್ತದೆ. "ಮಧ್ಯದಲ್ಲಿ ಏನಿಡ್ತೀಯ?" ಎಂದೆ. "ಗರ್ಬೋ" ಎಂದ. ಶೇರಿಯ ವೃತ್ತ ಇವನ ಲೋಕದಲ್ಲಿ ಚೌಕವಾಗಿತ್ತು, ಅಷ್ಟೇ.

ದೀಪವನ್ನು 48 ಬ್ಲಾಕಿಗೂ ಒಂದೊಂದರಂತೆ ಇಡುವುದು ಅವನ ಯೋಜನೆ.

ಉಧ್ನಾದಲ್ಲಿ ಇಳಿದರೆ ಕಿವಿಗೆ ಮೊದಲು ಬರುವುದು ಮಗ್ಗ. ಪವರ್‌ಲೂಮುಗಳ ಸದ್ದು ಗೋಡೆಯೊಳಗಿಂದ ರಸ್ತೆಗೇ ಬರುತ್ತದೆ. ಕ್ಯಾಂಟೀನಿನ ಹಿರಿಯರು ಇಡ್ಲಿ-ವಡೆ ಕೊಟ್ಟು, ಜೊತೆಗೆ ಸೂರತ್ತಿನ ಲೋಚೋ ಕೊಟ್ಟು (ಇಡ್ಲಿ ಹಿಟ್ಟು ಸಿಟ್ಟಾದರೆ ಹೀಗಾಗುತ್ತದೆ ಎಂಬುದು ಅವರ ವ್ಯಾಖ್ಯಾನ), ಆಮೇಲೆ ಪಕ್ಕದ ಕಾರ್ಖಾನೆಗೆ ಕರೆದುಕೊಂಡು ಹೋದರು. ಕೆಲಸಗಾರರಲ್ಲಿ ಹೆಚ್ಚಿನವರು ಒಡಿಶಾದ ಗಂಜಾಂನವರು. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಕೈಸನ್ನೆ, ತುಟಿಸನ್ನೆಯಲ್ಲೇ ವ್ಯವಹಾರ. ಹನ್ನೆರಡು ಗಂಟೆ ಆ ಸದ್ದಿನಲ್ಲಿ ನಿಂತವರ ಕಿವಿ ಏನಾಗಬಹುದು ಎಂದು ಯೋಚಿಸಿದರೆ, ನಾನು ಉಟ್ಟ ಸೂರತ್ ಸೀರೆ ಸ್ವಲ್ಪ ಭಾರವೆನಿಸಿತು.

ಒಂದು ಮೂಲೆಯ ಮಗ್ಗಗಳ ಮೇಲೆ ಹಳೆಯ ಜಕಾರ್ಡ್ ಇನ್ನೂ ಇತ್ತು. ಈಗ ಕಂಪ್ಯೂಟರಿನಿಂದ ನಡೆಯುವವು ಬಂದಿವೆ, ಆದರೆ ಹಳೆಯವು ಪೂರ್ತಿ ಹೋಗಿಲ್ಲ. ಮೇಲಿನಿಂದ ತೂತು ತೂತಿನ ರಟ್ಟಿನ ಕಾರ್ಡುಗಳ ಮಾಲೆ ಇಳಿಬಿದ್ದಿತ್ತು. ಬೆಂಗಳೂರಿನ ಕಬ್ಬನ್‌ಪೇಟೆಯ ಮಗ್ಗದ ಮನೆಗಳನ್ನು ನೋಡಿದವರಿಗೆ ಇದು ಹೊಸದಲ್ಲ. 1804ರ ಹೊತ್ತಿಗೆ ಫ್ರಾನ್ಸಿನ ಲಿಯಾನ್‌ನಲ್ಲಿ ರೂಪುಗೊಂಡ ಯುಕ್ತಿ. ಹೊಕ್ಕಿನ ಒಂದೊಂದು ಎಳೆಗೆ ಒಂದು ಕಾರ್ಡು. ತೂತು ಇದ್ದಲ್ಲಿ ಸೂಜಿ ಒಳಗೆ ಹೋಗುತ್ತದೆ, ಕೊಕ್ಕೆ ಮೇಲೇಳುತ್ತದೆ, ಹಾಸಿನ ನೂಲು ಎತ್ತಿಕೊಳ್ಳುತ್ತದೆ. ತೂತು ಇಲ್ಲದಿದ್ದಲ್ಲಿ ನೂಲು ಕೆಳಗೇ. ಹೀಗೆ ಹೌದು-ಅಲ್ಲಗಳಲ್ಲೇ ನವಿಲು, ಮಾವಿನಕಾಯಿ, ಗೋಪುರದ ಅಂಚು ಎಲ್ಲ ಮೂಡುತ್ತದೆ. ಕಾರ್ಡುಗಳನ್ನು ದಾರದಿಂದ ಹೊಲಿದು, ಕೊನೆಯದನ್ನು ಮೊದಲನೆಯದಕ್ಕೆ ಸೇರಿಸಿರುತ್ತಾರೆ. ಸುತ್ತು ಮುಗಿದರೆ ಅಂಚಿನ ವಿನ್ಯಾಸ ಮತ್ತೆ ಮೊದಲಿನಿಂದ. ಯುರೋಪಿನ ಜಾತ್ರೆಗಳಲ್ಲಿ ತನ್ನಷ್ಟಕ್ಕೆ ನುಡಿಯುವ ದೊಡ್ಡ ಆರ್ಗನ್‌ಗಳಿಗೂ ಮುಂದೆ ಇದೇ ತೂತಿನ ರಟ್ಟು ಉಣಿಸಿದರು, ನೂಲಿನ ಬದಲು ಗಾಳಿ.

ಹುಡುಗ ಮಾಲೆಯ ಕೆಳಗೆ ನಿಂತು ತನ್ನ ನಕ್ಷೆಯನ್ನು ಮೇಲೆತ್ತಿ ಹಿಡಿದು ಹೋಲಿಸುತ್ತಿದ್ದ. ಮಗ್ಗದ ಮೇಸ್ತ್ರಿಗೆ ಕುತೂಹಲವಾಗಿ, ಹೊರಗೆ ಕರೆದು, ಇದೇನು ಡಿಸೈನು ಎಂದು ಹಿಂದಿಯಲ್ಲಿ ಕೇಳಿದರು. ಹುಡುಗ ತನ್ನ ಬೆಂಗಳೂರು ಹಿಂದಿಯಲ್ಲಿ ವಿವರಿಸಿದ: ಇದು ಸ್ವರ, ಇದು ದೀಪ, ಸ್ವರ ಬಂದಾಗೆಲ್ಲ ದೀಪ. ಮೇಸ್ತ್ರಿ ಕಾಗದ ತಿರುಗಿಸಿ ತಿರುಗಿಸಿ ನೋಡಿ, "ಎಲ್ಲ ಕಡೆ ತೂತು ಹಾಕಿದರೆ ಬಟ್ಟೆಯಲ್ಲಿ ಡಿಸೈನ್ ಎಲ್ಲಿ ಕಾಣುತ್ತದೆ?" ಎಂದರು. ಬೈದದ್ದಲ್ಲ. ಅವರ ಕಸುಬಿನಲ್ಲಿ ಅದು ಮೊದಲ ಪಾಠವಿರಬೇಕು.

ವಾಪಸು ಬರುವ ರೈಲಿನಲ್ಲಿ ಹುಡುಗ 32 ದೀಪ ಅಳಿಸಿ ಹಾಕಿದ. ಉಳಿದದ್ದು 16, ಪ್ರತಿ ಏಟಿನ ಮೊದಲ ಭಾಗಕ್ಕೆ, ಆ ತಂಗುವ ಭಾಗಕ್ಕೆ, ಒಂದೊಂದು. ಮೈನ್‌ಕ್ರಾಫ್ಟಿನ ದೀಪ ಸಂಜ್ಞೆ ನಿಂತ ಕೂಡಲೇ ಆರುವುದಿಲ್ಲ. ಸೆಕೆಂಡಿನ ಹತ್ತನೇ ಎರಡು ಭಾಗದಷ್ಟು ಹಿಂದೆ ಉಳಿಯುತ್ತದೆ. 48 ಇದ್ದಾಗ ಅದು ಗಲಿಬಿಲಿಯಾಗಿತ್ತು. 16 ಇದ್ದಾಗ ಒಂದು ಆರುವ ಮೊದಲು ಕಣ್ಣು ಅದರ ಮೇಲೆ ತಂಗುತ್ತದೆ, ಒಂಚೂರು ಕತ್ತಲಾಗುತ್ತದೆ, ಆಮೇಲೆ ಮುಂದಿನದು. ಯಾರೋ ಹರಿವಾಣ ಹಿಡಿದು ಚೌಕದ ಸುತ್ತ ಹೆಜ್ಜೆ ಹಾಕುತ್ತಿರುವ ಹಾಗೆ. ನಾನು ನೋಡಿದ ಲೇಸರ್ ಪ್ರದರ್ಶನಗಳಲ್ಲಿ ಈ ಕತ್ತಲು ಇರಲಿಲ್ಲ. ಎಲ್ಲವೂ ಒಟ್ಟಿಗೆ ಉರಿಯುತ್ತಿದ್ದವು.

ವಿಜಯದಶಮಿಯ ಮರುದಿನ ಅಮ್ಮನಿಗೆ ವೀಡಿಯೋ ಕಾಲ್. ತಮ್ಮ ಫೋನು ಹಿಡಿದುಕೊಂಡ, ಅಮ್ಮ ಕನ್ನಡಕ ಒರೆಸಿಕೊಂಡು ಕೂತರು. ಚೌಕದೊಳಗೆ ರಾತ್ರಿ, ಜೇಡಿಮಣ್ಣಿನ ಮೇಲೆ ಸಾಲು ಬ್ಲಾಕು, ಒಂದೊಂದಾಗಿ ದೀಪ. ಅಮ್ಮ ಮೊದಲ ಸುತ್ತು ಸುಮ್ಮನೆ ನೋಡಿದರು. ಎರಡನೇ ಸುತ್ತಿಗೆ ದನಿ ಸೇರಿಸಿದರು. ಹಾಡು ಅವರ ಶ್ರುತಿಗಿಂತ ಸ್ವಲ್ಪ ಮೇಲಿತ್ತು. ವಯಸ್ಸಿನ ದನಿ ಅಲ್ಲಲ್ಲಿ ಒಡೆಯಿತು, ಆದರೆ ನಡೆ ತಪ್ಪಲಿಲ್ಲ. ನಿಷಾದ ಬಂದಲ್ಲಿ ಬ್ಲಾಕು ನೆಟ್ಟಗೆ ನಿಂತಿತ್ತು, ಅಮ್ಮ ಅದರ ಸುತ್ತ ತೂಗಿದರು. ಮೊದಲ ನುಡಿ ಆಯಿತು, ಎರಡನೇ ನುಡಿ ಆಯಿತು. ಚೌಕ ಮೂರನೇ ಸುತ್ತಿಗೆ ಹೊರಟಿತು. ಅಮ್ಮನ ಬಾಯಿ ತೆರೆದದ್ದು ಹಾಗೇ ನಿಂತಿತು. ದೀಪಗಳು ಹೋಗುತ್ತಲೇ ಇದ್ದವು. "ಮೂರನೇದು ಎಂತ ಮಾರಾಯ್ತಿ? ನಾಲಗೆ ತುದಿಯಲ್ಲಿ ಉಂಟು" ಎಂದು ನನ್ನನ್ನೇ ಕೇಳಿದರು. ನನಗೆ ಎರಡೇ ಗೊತ್ತು. ಅಕ್ಕನಿಗೂ ಎರಡೇ.

ಹುಡುಗ ಪೆನ್ನು ಹಿಡಿದು ಕೂತಿದ್ದ. "ಯಾರಿಗೆ ಗೊತ್ತಿರುತ್ತೆ ಅಮ್ಮಮ್ಮ?"

ಸಾಗರದಲ್ಲಿ ಅಮ್ಮನ ಚಿಕ್ಕ ತಂಗಿ ಇದ್ದಾರೆ, ಅವರಿಗೆ ಐದೂ ನುಡಿ ಬರುತ್ತಿತ್ತು ಎಂದು ಅಮ್ಮ ಹೇಳಿದರು. ಆ ಚಿಕ್ಕಮ್ಮನಿಗೆ ಕಿವಿ ಮಂದ, ಫೋನಿನಲ್ಲಿ ಆಗದು, ಎದುರು ಕೂತೇ ಕೇಳಬೇಕು. ಹುಡುಗ ಅಷ್ಟರಲ್ಲಿ ಬೆಂಗಳೂರಿನಿಂದ ಸಾಗರಕ್ಕೆ ರಾತ್ರಿ ರೈಲು ಎಷ್ಟು ಗಂಟೆಗೆ ಎಂದು ಹುಡುಕಲು ಶುರು ಮಾಡಿದ್ದ.